ಹಿಂದಿನ ಸೀಟಿನ ಸ್ವಾತಂತ್ರ್ಯ

ಸ್ವಾತಂತ್ರ್ಯದ ಬಗ್ಗೆ ಪಾಠ ಮಾಡುವುದು ಸುಲಭ; ಸ್ಕೂಟರ್ ಇಟ್ಟುಕೊಂಡು ಅದನ್ನು ಕಾಪಾಡಿಕೊಳ್ಳುವುದು ಕಷ್ಟ. ನಾನು ಮದ್ದೂರಿನಲ್ಲಿ ಮನೆ ಮಾಡಿಕೊಂಡು ಮಳವಳ್ಳಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುವವನು. ಬಸ್ಸಿನ ನೂಕುನುಗ್ಗಲಿನಿಂದ ಬಿಡುಗಡೆಯಾಗಲೆಂದು ಸ್ಕೂಟರ್ ಕೊಂಡರೆ, ದಾರಿಯುದ್ದಕ್ಕೂ ಕೈಗಳು ಮೇಲೇಳತೊಡಗಿದವು. ಒಬ್ಬರಿಗೆ ತಾಲ್ಲೂಕು ಕಚೇರಿ, ಇನ್ನೊಬ್ಬರಿಗೆ ಬೀಗರ ಮನೆ. ಬೇಸತ್ತು ಒಂದು ದೊಡ್ಡ ರಟ್ಟಿನ ಡಬ್ಬವನ್ನು ಹಿಂದಿನ ಸೀಟಿಗೆ ಕಟ್ಟಿಬಿಟ್ಟೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅದರೊಳಗೆ ಏನೂ ಇರಲಿಲ್ಲ.

ಇದನ್ನು ಹೆಮ್ಮೆಯಿಂದ ನಮ್ಮ ಕಾಲೇಜಿನ ಚಿನ್ನಪ್ಪ ಮೇಷ್ಟ್ರಿಗೆ ಹೇಳಿದೆ. ಅವರು ಚರಿತ್ರೆ ಹೇಳುವವರು, ಭಾನುವಾರ ಚರ್ಚು ತಪ್ಪಿಸದವರು. “ನನ್ನ ಪಾಡಿಗೆ ನನ್ನನ್ನು ಬಿಡೋದೇ ಸ್ವಾತಂತ್ರ್ಯ. ಉದಾರವಾದದ ತಿರುಳೇ ಅದು,” ಎಂದೆ.

“ಹೆಸರು ಉದಾರವಾದ, ಸೀಟು ಮಾತ್ರ ಕೊಡಲ್ಲ!” ಎಂದು ನಕ್ಕರು. “ಅಡ್ಡಿ ಇರಬಾರದು, ಸರಿ ಸಾರ್. ಆದ್ರೆ ಅಡ್ಡಿ ಇಲ್ಲದ ದಾರೀಲಿ ಏನು ಮಾಡ್ತೀರಿ ಅನ್ನೋದನ್ನೂ ನಮ್ಮ ಚರ್ಚಲ್ಲಿ ಕೇಳ್ತಾರೆ. ಒಳ್ಳೇದನ್ನ ಆರಿಸ್ಕೊಳ್ಳೋಕೇ ದೇವರು ಸ್ವಾತಂತ್ರ್ಯ ಕೊಟ್ಟಿರೋದು. ಪಕ್ಕದವರನ್ನ ಬಿಟ್ಟು ಅದು ಪೂರ್ತಿ ಆಗಲ್ಲ.”

ಮಾರನೆಯ ಬೆಳಿಗ್ಗೆ ದಾರಿಯಲ್ಲಿ ಒಬ್ಬಾಕೆ ರಸ್ತೆಗೇ ಬಂದು ನಿಂತರು. ಕೈಯಲ್ಲಿ ಊಟದ ಕ್ಯಾರಿಯರ್.

“ಮಗಳು ಎತ್ತವ್ಳೆ ಕಣಪ್ಪ, ಮಳವಳ್ಳಿ ಆಸ್ಪತ್ರೇಲಿ. ಬಸ್ಸು ಓಗ್ಬುಡ್ತು. ಬಿಸಿ ಅನ್ನ ಆರೋಯ್ತದೆ, ಕರ್ಕೊಂಡೋಗು.”

“ಜಾಗ ಇಲ್ಲಮ್ಮ, ಡಬ್ಬ ಇದೆ.”

“ಅದನ್ನ ತೊಡೆ ಮ್ಯಾಲೆ ಮಡಿಕತೀನಿ ಬುಡು,” ಎಂದು ಹಗ್ಗ ಬಿಚ್ಚಿಯೇಬಿಟ್ಟರು. ಭಾರವಿರಬಹುದೆಂದು ಬಲವಾಗಿ ಎತ್ತಿದ್ದಕ್ಕೆ ಡಬ್ಬ ತಲೆಯ ಮೇಲಕ್ಕೆ ಹೋಯಿತು. ಒಳಗೆ ಇಣುಕಿ ನೋಡಿ, “ಖಾಲಿ ಡಬ್ಬ ಯಾಕಪ್ಪ ಕಟ್ಕೊಂಡು ತಿರುಗ್ತೀಯ?” ಎಂದು ನಿಜವಾದ ಕನಿಕರದಿಂದ ಕೇಳಿದರು. ಇಪ್ಪತ್ತು ವರ್ಷ ರಾಜ್ಯಶಾಸ್ತ್ರ ಹೇಳಿದ ನಾನು ಹಗ್ಗ ಸುತ್ತಿ ಜೇಬಿಗಿಟ್ಟುಕೊಂಡೆ. ಸ್ಕೂಟರ್ ಚಾಲೂ ಮಾಡಿದೆ.

ಆಸ್ಪತ್ರೆಯ ಬಾಗಿಲಲ್ಲೂ ಬಿಡಲಿಲ್ಲ. “ಮಗೀನ ನೋಡ್ದೆ ಓಯ್ತೀಯಾ?” ಎಂದು ಒಳಗೆ ಎಳೆದೊಯ್ದರು. ಬಾಣಂತಿ ಎದ್ದು ಕೂತು ಅನ್ನಕ್ಕೆ ಕೈಹಾಕಿದಳು; ಹಬೆ ಇನ್ನೂ ಆಡುತ್ತಿತ್ತು. ಮಗು ನನ್ನ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು. ನನ್ನ ಮೊದಲ ತರಗತಿ ಅಲ್ಲಿಗೆ ತಪ್ಪಿತು. ಬೆರಳು ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಹಾಗೆಂದು ನಾನು ಬದಲಾದೆ ಎಂದುಕೊಳ್ಳಬೇಡಿ. ಈಗಲೂ ಯಾರಾದರೂ ಕೈ ಅಡ್ಡ ಹಿಡಿದರೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಬ್ರೇಕು ಬೀಳುತ್ತದೆ. ಡಬ್ಬ ತೆಗೆದು ಸೀಟು ಕೊಡುವುದನ್ನು ನಾನೇ ಸ್ವತಂತ್ರವಾಗಿ ಯೋಚಿಸಿ ಆರಿಸಿಕೊಂಡೆ ಎಂದು ಚಿನ್ನಪ್ಪನವರಿಗೆ ಹೇಳಿದ್ದೇನೆ. ಪಾಪ, ಅವರು ಭಕ್ತರು, ನಂಬುತ್ತಾರೆ.