ಬೀಗರ ಮಾಲಿಗೆ ಕೆಂಪು ಚೀಟಿ

ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ದಿನಾ ಶಿಫ್ಟಿಗೆ ನನಗಿಂತ ಮುಂಚೆ ಬಂದು ಕೂತಿರುತ್ತದೆ. ನಾನಿರುವುದು ತುಮಕೂರಿನ ಸತ್ಯಮಂಗಲದಲ್ಲಿ, ನೀರೆತ್ತುವ ಪಂಪು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಕೆಟ್ಟ ಮಾಲು ಕಂಡರೆ ಕೆಂಪು ಚೀಟಿ ಅಂಟಿಸಿ ‘ಬೇಡ’ ಅನ್ನುವುದಕ್ಕೇ ನನಗೆ ಸಂಬಳ. ಆದರೆ ನಮ್ಮ ಸೀಮೆಯಲ್ಲಿ ಊಟಕ್ಕೆ ಕೂತವನಿಗೆ ಇನ್ನೊಂದು ಮುದ್ದೆ ಬೇಡ ಅನ್ನುವುದೇ ಕಷ್ಟ. ಎದುರಿಗೆ ನಿಂತವನ ಕೆಲಸವನ್ನೇ ಬೇಡ ಅನ್ನುವುದು ಹೇಗೆ?

ಸಾಲದ್ದಕ್ಕೆ, ಕಳೆದ ವರ್ಷ ನನ್ನ ತಂಗಿಗೆ ಕುಣಿಗಲ್ಲಿನಿಂದ ಸಂಬಂಧ ಬಂತು. ತಂಗಿ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಬಟ್ಟೆ ಚೆಕ್ ಮಾಡುವವಳು. ಹುಡುಗನ ಅಪ್ಪನದು ಎರಕದ ಕಾರ್ಖಾನೆ. ನಮ್ಮ ಪಂಪಿನ ಮುಚ್ಚಳಗಳೆಲ್ಲ ಬರುವುದು ಅಲ್ಲಿಂದಲೇ! ತಂಗಿ ಹುಡುಗನ ಫೋಟೋ ನೋಡಿ ಏನೂ ಹೇಳಲಿಲ್ಲ, ಆದರೆ ಫೋಟೋ ವಾಪಸ್ಸೂ ಕೊಡಲಿಲ್ಲ. ಈ ಸಂಬಂಧ ಕೈತಪ್ಪಬಾರದು ಎಂದು ಅಮ್ಮ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದಳು. ದೇವರಿಗಿಂತ ಅವಳಿಗೆ ನನ್ನ ಮೇಲೇ ಹೆಚ್ಚು ಅನುಮಾನ.

ಬೋಣಿ

ಯಾವ ಮಿಷನ್ನಿನಲ್ಲಾದರೂ ಬೆಳಗಿನ ಮೊದಲ ಪೀಸನ್ನು ಅಳೆದು ನೋಡಿಯೇ ಮುಂದೆ ಹೋಗಬೇಕು. ಅದು ತಪ್ಪಿದ್ದರೆ ಸಂಜೆವರೆಗೂ ತಪ್ಪೇ. ನಮ್ಮ ಲೇತ್ ಆಪರೇಟರು ಹುಲಿಯೂರುದುರ್ಗದವರು, ನನಗಿಂತ ಹಿರಿಯರು. ಒಂದು ಬೆಳಿಗ್ಗೆ ಅವರ ಮೊದಲ ಪೀಸಿಗೆ ಕೆಂಪು ಚೀಟಿ ಅಂಟಿಸಿದೆ. ಅವರು ಮಿಷನ್ನನ್ನೇ ನಿಲ್ಲಿಸಿಬಿಟ್ಟರು.

“ಏನ್ ಸಾರ್ ನೀವು! ಬೋಣಿ ಮಾಲ್ನೇ ಬೇಡ ಅಂತೀರಲ್ಲ. ಇನ್ನು ದಿನಪೂರ್ತಿ ಏಳ್ಗೆ ಆಗ್ತದಾ?”

“ಅಣ್ಣಾ, ಇದೇನು ಸಂತೆ ಅಂಗಡೀನಾ?” ಅಂದೆ.

“ಅಂಗ್ಡಿಯವನಾದ್ರೆ ಬೋಣಿ ಗಿರಾಕೀನ ಹಿಂಗ್ ಬೈಯಲ್ಲ ಬುಡಿ,” ಅಂದರು.

ಆಮೇಲೆ ಒಂದು ವಿಚಿತ್ರ ನಡೆಯಿತು. ಅವರ ಮೊದಲ ಪೀಸು ದಿನಾ ಅಳತೆಗೆ ಸರಿಯಾಗಿ ಬರತೊಡಗಿತು. ನನ್ನ ಚೀಟಿಯ ಮಹಿಮೆ ಎಂದು ನಾನು ಒಳಗೊಳಗೇ ಬೀಗಿದೆ. ದೊಡ್ಡ ಗಿರಾಕಿ ಕಂಪನಿಯ ಆಡಿಟರು ಬಂದ ದಿನ ಗುಟ್ಟು ರಟ್ಟಾಯಿತು. ಗೋಡೆಯ ಮೇಲಿನ ದೇವರ ಪಟದ ಮುಂದೆ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದುಕೊಂಡು ಒಂದು ಮುಚ್ಚಳ ಕೂತಿತ್ತು. ಇದೇನೆಂದು ಆಡಿಟರು ಕೇಳಿದರು.

ಆಪರೇಟರು ಭಕ್ತಿಯಿಂದ ಹೇಳಿದರು: “ಮೊದಲ್ನೇ ಪೀಸು ಸಾರ್. ದಿನಾ ಅದು ದೇವ್ರುಗೆ. ಇದುವರ್ಗೂ ದೇವ್ರು ಒಂದೂ ರಿಜೆಕ್ಟ್ ಮಾಡಿಲ್ಲ. ಇವ್ರು ನೋಡೋದೆಲ್ಲ ಎರಡನೇದು.”

ಗೋಡೆ

ಆಡಿಟರು ಹೋಗುವಾಗ ಒಂದು ಉಪದೇಶ ಮಾಡಿ ಹೋದರು. ಪ್ರತಿಯೊಬ್ಬರೂ ತಮಗಿಂತ ಹಿಂದಿನವರ ಕೆಲಸ ನೋಡಿ, ತಪ್ಪಿದ್ದರೆ ಅಲ್ಲೇ ಬಾಯಿಬಿಟ್ಟು ಹೇಳಬೇಕಂತೆ. ಮ್ಯಾನೇಜರು ಮಾರನೆಯ ದಿನವೇ ಜಾರಿಗೆ ತಂದರು. ಅವರು ಹೊರಗಿನವರು, ಪಾಪ, ನಮ್ಮ ಕಡೆಯ ವರಸೆಗಳು ಅವರಿಗೆ ಗೊತ್ತಿಲ್ಲ.

ಮುಚ್ಚಳಕ್ಕೆ ತೂತು ಕೊರೆಯುವವರು ಹುತ್ರಿದುರ್ಗದ ಒಬ್ಬ ಹಿರಿಯರು. ಅದನ್ನು ಪಂಪಿಗೆ ಜೋಡಿಸುವ ಹೆಣ್ಣುಮಗಳಿಗೆ ಅವರು ವರಸೆಯಲ್ಲಿ ಮಾವ. ಎದುರು ನಿಂತು ಮಾತಾಡುವಂತಿಲ್ಲ. ಒಂದು ದಿನ ತೂತುಗಳು ಓರೆ ಬಂದವು. ಆಕೆ ಸೆರಗು ಸರಿಮಾಡಿಕೊಂಡು, ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿ, ಆದರೆ ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

“ಯಾರೋ ಹಾಕಿರೋ ತೂತು ಯಾಕೋ ಓರೆ ಬಂದೈತೆ ಅಂತ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು.”

ಹಿರಿಯರೂ ನನ್ನನ್ನೇ ನೋಡುತ್ತಾ ಅಂದರು: “ಡ್ರಿಲ್ಲಿನ ಮೊನೆ ಸವೆದೋಗೈತೆ, ಹೊಸದು ಕೇಳಿ ಸಾಕಾಯ್ತು ಅಂತ ಹೇಳ್ಬುಡಿ, ಯಾರಾದ್ರೂ ಕೇಳಿದ್ರೆ.”

ಅರ್ಧ ಗಂಟೆ ಹೀಗೇ ನಡೆಯಿತು. ಹೊಸ ಮೊನೆ ಬಂತು, ತೂತು ಸರಿಹೋಯಿತು. ದೂರದಿಂದ ನೋಡುತ್ತಿದ್ದ ಮ್ಯಾನೇಜರು ಬಂದು ಕೇಳಿದರು: “ಇಬ್ಬರೂ ನಿಮ್ಮ ಹತ್ತಿರಾನೇ ಮಾತಾಡ್ತಿದ್ರಲ್ಲ, ನೀವ್ಯಾಕೆ ಒಂದಕ್ಕೂ ಉತ್ತರ ಕೊಡಲಿಲ್ಲ?”

“ನಾನು ಗೋಡೆ ಸಾರ್,” ಅಂದೆ. “ಗೋಡೆ ಮಾತಾಡಬಾರದು.”

ನೀರು

ಅಷ್ಟರಲ್ಲಿ ಕುಣಿಗಲ್ಲಿನಿಂದ ಮುಚ್ಚಳದ ಲೋಡು ಬಂತು. ಬೀಗರಾಗಬೇಕಾದವರ ಮಾಲು. ನೀರು ತುಂಬಿ ಒತ್ತಡ ಕೊಟ್ಟು ನೋಡಿದರೆ ಮುಚ್ಚಳಗಳು ಬೆವರತೊಡಗಿದವು. ಎರಕದಲ್ಲಿ ಗಾಳಿಗುಳ್ಳೆ. ಓನರನ್ನು ಕೇಳಿದರೆ, “ನೀವುಂಟು, ನಿಮ್ಮ ಬೀಗರುಂಟು,” ಎಂದು ಜಾರಿಕೊಂಡರು. ಅಮ್ಮನಿಗೆ ಫೋನ್ ಮಾಡಿದೆ, ಮಾಡಬಾರದಿತ್ತು.

“ಒಂದ್ ಗುಳ್ಳೆಗೋಸ್ಕರ ತಂಗಿ ಬಾಳ್ ಹಾಳ್ ಮಾಡ್ತೀಯೇನ್ಲಾ? ಸೋರ್ಲಿ ಬುಡು, ನೀರ್ ತಾನೆ!”

“ಅಮ್ಮಾ, ಪಂಪು ಇರೋದೇ ನೀರಿಗೆ.”

“ಸೋರಿದ್ ನೀರು ಎಲ್ಲೋಯ್ತದೆ? ಅದೇ ತೋಟಕ್ಕೇ ತಾನೆ ಹೋಗೋದು!”

ಫೋನ್ ಇಟ್ಟು ಇನ್ನೊಂದು ಮುಚ್ಚಳಕ್ಕೆ ನೀರು ತುಂಬಿ ನೋಡಿದೆ, ಅದೂ ಬೆವರಿತು. ತಂಗಿಯ ಮುಖ ನೆನಪಾಗಿ ಸಂಕಟವಾಯಿತು. ಆದರೂ ಆ ಮುಚ್ಚಳ ಕೂರುವುದು ನಮ್ಮಂಥವರದೇ ಯಾರದೋ ಪಂಪಿಗೆ. ಚೀಟಿ ಅಂಟಿಸಿ ವಾಪಸ್ ಕಳಿಸಲು ಹೇಳಿಬಿಟ್ಟೆ.

ಬೀಗರ ಕೋಪ ತಣ್ಣಗಾಗಲಿ ಎಂದು ಅಮ್ಮ ಗುಬ್ಬಿಯ ನಮ್ಮ ತೋಟದ ತೆಂಗಿನಕಾಯಿ ಒಂದು ಮೂಟೆ ಬಸ್ಸಿಗೆ ಹಾಕಿಸಿ ನನ್ನ ಹತ್ತಿರ ಕಳಿಸಿದಳು. ಅದೂ ಮುಚ್ಚಳ ವಾಪಸ್ ಒಯ್ಯುವ ಲಾರಿಯಲ್ಲೇ ಕುಣಿಗಲ್ಲಿಗೆ ಹೋಯಿತು. ಮಾರನೆಯ ದಿನ ಲಾರಿ ಡ್ರೈವರ್ ನನ್ನ ಕೈಗೆ ಒಂದೇ ಒಂದು ತೆಂಗಿನಕಾಯಿ ಕೊಟ್ಟ. ಅದರ ಮೇಲೆ ಕೆಂಪು ಚೀಟಿ. ಹಿಂದೆಯೇ ಬೀಗರ ಫೋನು.

“ಮಾಲು ವಾಪಸ್ ಬಂತು. ಕಾಯಿನೂ ಬಂದ್ವು. ಎಲ್ಲಾನೂ ನಾನೇ ಅಳ್ಳಾಡಿಸಿ ಚೆಕ್ ಮಾಡ್ದೆ. ನಮ್ ಮುಚ್ಚಳದಲ್ಲಿ ನೀರು ಸೋರ್ತದೆ ಅಂದ್ರಿ. ನಿಮ್ ಆ ಒಂದ್ ಕಾಯೊಳ್ಗೆ ನೀರೇ ಇಲ್ವಲ್ಲ ಸ್ವಾಮಿ!”

ನಕ್ಕರೋ, ಸಿಟ್ಟಾದರೋ ತಿಳಿಯುವ ಮೊದಲೇ ಫೋನ್ ಇಟ್ಟುಬಿಟ್ಟರು.

ಇದ್ದದ್ದು ಇದ್ದ ಹಾಗೆ

ಸಂಬಂಧ ಮುರಿದುಬಿತ್ತು ಎಂದು ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ಆದರೆ ಮೊದಲೇ ಗೊತ್ತುಮಾಡಿದ್ದ ಭಾನುವಾರ ಕುಣಿಗಲ್ಲಿನವರು ಹೇಳಿದ ಹೊತ್ತಿಗೆ ಹೆಣ್ಣು ನೋಡಲು ಬಂದೇಬಿಟ್ಟರು. ಹುಡುಗ, ಅವನ ಅಪ್ಪ, ಅಮ್ಮ. “ಇವತ್ತು ನೀನು ಬಾಯ್ ಬಿಟ್ರೆ ನೋಡು,” ಎಂದು ಅಮ್ಮ ನನ್ನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದಳು.

ಉಪ್ಪಿಟ್ಟು, ಕೇಸರಿಬಾತ್ ಆಯಿತು. ತಂಗಿ ಕಾಫಿ ಕೊಟ್ಟು ಬಾಗಿಲ ಹತ್ತಿರ ನಿಂತಳು. ಬೀಗರು ಲೋಟ ಕೆಳಗಿಟ್ಟು, ಸೀದಾ ನನ್ನ ಕಡೆ ತಿರುಗಿದರು.

“ನೀವು ಮುಖ ನೋಡಿ ಪಾಸ್ ಮಾಡೋರಲ್ಲ ಅಂತ ಗೊತ್ತಾಯ್ತು. ನಿಮ್ ತಂಗಿ ವಿಷ್ಯಾನೂ ಇದ್ದದ್ ಇದ್ದಂಗೆ ಹೇಳ್ಬುಡಿ.”

ಹೊಗಳಿದರೆ ನಂಬುವುದಿಲ್ಲ, ತೆಗಳಿದರೆ ಅಮ್ಮ ಬಿಡುವುದಿಲ್ಲ. ಇದ್ದದ್ದೇ ಬಾಯಿಗೆ ಬಂತು: “ಕೋಪ ಜಾಸ್ತಿ. ಬೆಳಿಗ್ಗೆ ಬೇಗ ಏಳಲ್ಲ. ಅನ್ನ ತಳ ಹಿಡಿಸ್ತಾಳೆ. ಸುಳ್ಳು ಮಾತ್ರ ಹೇಳಲ್ಲ.”

ಅಮ್ಮ ಹಣೆ ಚಚ್ಚಿಕೊಂಡಳು. ಬೀಗರು ಮಾತ್ರ ಬಿದ್ದು ಬಿದ್ದು ನಕ್ಕರು. “ಎಷ್ಟೋ ಮನೇಲಿ ಹೆಣ್ಣು ನೋಡಿದ್ವಿ. ಇರೋದ್ನ ಹೇಳಿದೋರು ನೀವೊಬ್ರೇ! ನಮ್ಗೆ ಒಪ್ಗೆ.”

ಆಗ ತಂಗಿ ಬಾಯಿಬಿಟ್ಟಳು. “ನನ್ನ ದೋಷ ನಮ್ಮಣ್ಣ ಹೇಳ್ದ. ಹುಡುಗಂದು ಯಾರ್ ಹೇಳ್ತೀರಿ?”

ಬೀಗರು ಗಂಟಲು ಸರಿಮಾಡಿಕೊಂಡರು. “ಅದೂ ನ್ಯಾಯಾನೇ. ಮೊಬೈಲ್ ಹಿಡಿದ್ರೆ ಪ್ರಪಂಚ ಬ್ಯಾಡ ಇವ್ನಿಗೆ. ಒಂದ್ಸಲ ಹೇಳಿದ್ರೆ ಕೇಳಲ್ಲ. ನೆತ್ತಿ ಮೇಲೆ ಕೂದ್ಲು...”

“ಸಾಕ್ ಬುಡೀ!” ಎಂದು ಅವರ ಹೆಂಡತಿ ಗದರಿದರು.

ಹುಡುಗ ನೆಲ ನೋಡುತ್ತಾ ಮೆಲ್ಲಗೆ ಸೇರಿಸಿದ: “ಗೊರಕೆನೂ ಹೊಡೀತೀನಿ.”

ಅಮ್ಮ ತಂಗಿಯ ಕಡೆ ತಿರುಗಿ ಕೇಳಿದಳು: “ಏನಂತೀಯೇ?”

ಅವಳು ಹುಡುಗನನ್ನು ಕಾಲಿನಿಂದ ನೆತ್ತಿಯವರೆಗೆ ಒಮ್ಮೆ ನೋಡಿದಳು.

“ರಿಜೆಕ್ಟ್ ಪೀಸಲ್ಲ ಬುಡಮ್ಮ, ಆಲ್ಟರ್ ಪೀಸು. ಅಲ್ಲಲ್ಲಿ ಬಿಚ್ಚಿ ಹೊಲಿದ್ರೆ ಸರಿಹೋಗ್ತದೆ.”