ಮೂರು ಕಾಲಿನ ಆನೆ

ಬಿಚ್ಚಿ ಜೋಡಿಸುವ ಚಟವಿರುವ ಗಂಡಸರ ಮನೆಯಲ್ಲಿ ಒಂದು ಡಬ್ಬಿ ಇದ್ದೇ ಇರುತ್ತದೆ. ಗಡಿಯಾರ ಬಿಚ್ಚಿದಾಗ ಉಳಿದ ಹಲ್ಲಿನ ಚಕ್ರ, ಸೈಕಲ್ ಬಿಚ್ಚಿದಾಗ ಉಳಿದ ನಾಲ್ಕು ಗುಂಡು, ಇಸ್ತ್ರಿ ಪೆಟ್ಟಿಗೆಯ ಒಂದು ವಾಷರ್, ಹೀಗೆ ತಮ್ಮ ಸ್ವಸ್ಥಾನಕ್ಕೆ ಮರಳಲಾರದ ನತದೃಷ್ಟರೆಲ್ಲ ಅದರಲ್ಲಿ ವಾಸವಾಗಿರುತ್ತಾರೆ. ನಮ್ಮ ಮನೆಯ ಡಬ್ಬಿ ಬೋರ್ನ್‌ವಿಟಾದ್ದು, ದೊಡ್ಡದು. ಅದು ತುಂಬಿದ ದಿನ ನನ್ನ ಹೆಂಡತಿ ಶಾಂತಾ, "ನಿಮ್ಮನ್ನ ಜೋಡಸೂ ಮುಂದ ದೇವರೂ ಏನರೆ ಒಂದು ಹೊರಗ ಬಿಟ್ಟಾನ್ರಿ" ಎಂದಳು. ನಾನು ಬಾಗಲಕೋಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಬಿಚ್ಚುವುದು ವಿಜ್ಞಾನ, ಜೋಡಿಸುವುದು ಬರೀ ಕೂಲಿ ಕೆಲಸ ಎಂದು ಅವಳಿಗೆ ತಿಳಿಸಿ ಹೇಳಿದೆ. ಅವಳಿಗೆ ತಿಳಿಯಲಿಲ್ಲ. ಆ ಡಬ್ಬಿಗೆ ಹೋಗದೆ ಬೇರೆ ಕಡೆ ಉಳಿದುಕೊಂಡ ಒಂದು ಸ್ಕ್ರೂ ಇದೆ. ನಾನು ಹೇಳಹೊರಟದ್ದು ಅದರ ಕಥೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿನಲ್ಲಿ ಕಂಪ್ಯೂಟರ್ ಎಂಬ ಮಾತು ಬಂದಿತ್ತು, ಕಂಪ್ಯೂಟರ್ ಬಂದಿರಲಿಲ್ಲ. ಕಾಲೇಜಿನಲ್ಲಿ ಎಲ್ಲರಿಗಿಂತ ಮೊದಲು ಅದನ್ನು ಮನೆಯಲ್ಲಿಟ್ಟುಕೊಂಡವನು ನಾನಾಗಬೇಕೆಂಬ ದುರಾಸೆ ನನಗೆ ಹುಟ್ಟಿತು. ಮುಂಬೈಯಲ್ಲಿದ್ದ ಭಾವಮೈದುನ ಒಂದೊಂದು ಸಲ ಊರಿಗೆ ಬಂದಾಗ ಒಂದೊಂದು ಭಾಗ ತಂದ. ಹೀಗೆ ವರ್ಷವಿಡೀ ಕಂತಿನಲ್ಲಿ ಬಂದ ಕಂಪ್ಯೂಟರನ್ನು ನಾನು ಒಂದು ಭಾನುವಾರ ಪಡಸಾಲೆಯಲ್ಲಿ ಹಾಸಿಗೆಯ ಚಾದರ ಹಾಸಿಕೊಂಡು ಜೋಡಿಸಿದೆ. ಸಂಜೆ ಗುಂಡಿ ಒತ್ತಿದಾಗ ಹಸಿರು ಅಕ್ಷರಗಳು ಮೂಡಿದವು. ನಾನು ಎದ್ದು ನಿಂತೆ. ಚಾದರ ಜಾಡಿಸಿದ ಶಾಂತಾ, "ಇದೊಂದು ಉಳೀತ್ರಿ" ಎಂದು ಒಂದು ಸ್ಕ್ರೂ ಹಿಡಿದು ತೋರಿಸಿದಳು. ಎಲ್ಲ ನಡೆಯುತ್ತಿರುವಾಗ ಸ್ಕ್ರೂ ಯಾರಿಗೆ ಬೇಕು, ಒಗಿ ಅತ್ತ ಎಂದೆ. ಪಕ್ಕದ ಮಂಚದ ಮೇಲೆ ಕೂತಿದ್ದ ನಮ್ಮವ್ವ ಕೈ ಚಾಚಿದಳು. "ಒಗೀಬ್ಯಾಡ ತಮ್ಮಾ. ಮಾಡಿದಾಂವ ಸುಮ್ಮನ ಮಾಡಿರೂದಿಲ್ಲ. ಯಾವುದಕ್ಕರೆ ಬೇಕಾಗಿರತೈತಿ" ಎಂದು ಅದನ್ನು ತನ್ನ ವಿಭೂತಿ ಡಬ್ಬಿಯೊಳಗೆ ಹಾಕಿಕೊಂಡಳು.

ಅವ್ವನ ವಿಷಯ ಹೇಳಬೇಕು. ಅವಳು ಇಳಕಲ್ಲಿನ ಹೆಣ್ಣು. ಸೀರೆ ಸೆರಗಿನ ಮೇಲೆ ಎಳೆ ಎಣಿಸಿ ಕಸೂತಿ ಹಾಕುವುದರಲ್ಲಿ ಅವಳ ಕೈ ದೊಡ್ಡದು. ಅದರಲ್ಲೂ ಅಂಬಾರಿ ಹೊತ್ತ ಅವಳ ಆನೆಯನ್ನು ನೋಡಲು ಹುನಗುಂದದಿಂದ ಹೆಂಗಸರು ಬರುತ್ತಿದ್ದರು. ಆನೆ ಎಲ್ಲರೂ ಹಾಕುತ್ತಾರೆ, ಆದರೆ ಎಲ್ಲರ ಆನೆಯೂ ನಾಲ್ಕು ಕಂಬದ ಮಂಟಪದ ಹಾಗೆ ನಿಂತಿರುತ್ತದೆ. ಅವ್ವನ ಆನೆ ಮುಂದಿನ ಒಂದು ಕಾಲನ್ನು ಮೇಲೆತ್ತಿರುತ್ತಿತ್ತು. "ನಮ್ಮ ಆನಿ ನಿಂದ್ರೂದಲ್ಲ, ನಡಿಯೂದು" ಎನ್ನುತ್ತಿದ್ದಳು. ಆ ಎತ್ತಿದ ಕಾಲಿನ ಲೆಕ್ಕ ಅವಳಿಗೆ ಅವಳ ಅವ್ವ ಹೇಳಿಕೊಟ್ಟದ್ದು, ಬಾಯಿಂದ ಬಾಯಿಗೆ ಬಂದದ್ದು, ಎಲ್ಲೂ ಬರೆದದ್ದಲ್ಲ. ಹಾಕಿದ ಆನೆಗಳೆಲ್ಲ ಮಂದಿಯ ಮದುವೆ ಸೀರೆಗಳ ಮೇಲೆ ಹೋದವು. ಸೀರೆಗಳು ಹರಿದು ಕೌದಿಯಾದವು, ಕೌದಿಗಳೂ ಹರಿದು ಹೋದವು. ಕೊನೆಗೆ ಸಕ್ಕರೆ ಕಾಯಿಲೆ ಅವ್ವನ ಕಣ್ಣು ತೆಗೆದುಕೊಂಡಿತು. ಇನ್ನು ಆನೆ ಉಳಿದದ್ದು ಅವಳ ತಲೆಯಲ್ಲಿ ಮಾತ್ರ. ಶಾಂತಾಗೆ ಕಲಿಸಬೇಕೆಂದು ಇಬ್ಬರೂ ಹತ್ತು ವರ್ಷ ಅಂದುಕೊಂಡರು, ಒಲೆ ಬಿಡುವು ಕೊಡಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಒಂದು ಸಂಜೆ ಅವ್ವ ಕೇಳಿದಳು. "ಏನು ಹೇಳಿದರೂ ನೆನಪು ಇಡತೈತಿ ಅಂತೀಯಲ್ಲ, ನನ್ನ ಆನಿ ಇಡತೈತೇನು?"

ನನಗೆ ಕಣ್ಣು ತುಂಬಿ ಬಂತು. ಕಾರಣ ಅವ್ವನ ಮೇಲಿನ ಪ್ರೀತಿ ಎಂದು ಬರೆಯಬಹುದಿತ್ತು. ಆದರೆ ಖರೆ ಹೇಳಬೇಕೆಂದರೆ, ಅಷ್ಟೊಂದು ಕಷ್ಟಪಟ್ಟು ಕಟ್ಟಿದ ಯಂತ್ರಕ್ಕೆ ಅಲ್ಲಿಯವರೆಗೆ ಮಾಡಲು ಕೆಲಸವೇ ಇರಲಿಲ್ಲ. ಹದಿನೇಳರ ಮಗ್ಗಿ ಮಾಡಿಸಿ ಮಾಡಿಸಿ ನನಗೂ ಬೇಸರವಾಗಿತ್ತು. ಅಂದಿನಿಂದಲೇ ಒಂದು ಪ್ರೋಗ್ರಾಮ್ ಬರೆಯತೊಡಗಿದೆ. ಅವ್ವ ಎಳೆಯ ಲೆಕ್ಕ ಹೇಳುತ್ತ ಹೋಗಬೇಕು, ನಾನು ಒತ್ತುತ್ತ ಹೋಗಬೇಕು, ಪರದೆಯ ಮೇಲೆ ಗೆರೆಗೆ ಗೆರೆ ಕೂಡಿ ಆನೆ ಮೂಡಬೇಕು. "ಅದಕ್ಕಿಂತ ಮಕ್ಕಳ ಲೆಕ್ಕದ ಚೌಕಳಿ ಪಟ್ಟಿ ಒಳಗ ಪೆನ್ಸಿಲಿನಿಂದ ಬರಕೊಂಡ್ರ ಆಗೂದಿಲ್ಲೇನ್ರಿ?" ಎಂದು ಶಾಂತಾ ಕೇಳಿದಳು. ನಾನು ನಕ್ಕೆ. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ, ಇದು ಶಾಶ್ವತ ಎಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಮೊದಲ ಸಂಜೆ ಅವ್ವ ವಿಭೂತಿ ಹಚ್ಚಿಕೊಂಡು, ಪೆಟ್ಟಿಗೆಯನ್ನು ಕೈಯಿಂದ ತಡವಿ ಅದಕ್ಕೂ ಮೂರು ಬೆರಳು ವಿಭೂತಿ ಎಳೆದಳು. ಶಿವಯೋಗ ಮಂದಿರದ ವಿಭೂತಿ, ಅದರ ಮುಂದೆ ಯಾವ ದೋಷವೂ ನಿಲ್ಲುವುದಿಲ್ಲ ಎಂದು ಅವಳ ನಂಬಿಕೆ. ಆಮೇಲೆ ಕಣ್ಣು ಮುಚ್ಚಿ ಶುರು ಮಾಡಿದಳು. "ಸೊಂಡಿಲಿ ತುದಿಯಿಂದ ಹಿಡಿ. ಎರಡ ಎಳಿ ಮ್ಯಾಲ. ಎರಡ ಅಡ್ಡ. ಒಂದು ಓರಿ..." ಕಾಣದ ಬಟ್ಟೆಯ ಮೇಲೆ ಅವಳ ಬೆರಳು ಹೊಲಿಯುತ್ತಿತ್ತು. ಸೊಂಡಿಲು ಬಂತು, ನೆತ್ತಿ ಬಂತು, ಅಂಬಾರಿಯ ಗೋಪುರ ಏರುತ್ತಿತ್ತು. ಪರದೆ ಒಮ್ಮೆಲೆ ಕಪ್ಪಾಯಿತು, ಕುಂಯ್ ಎಂದಿತು, ಸೊನ್ನೆಯಿಂದ ತನ್ನ ನೆನಪಿನ ಶಕ್ತಿಯನ್ನು ಎಣಿಸಿಕೊಳ್ಳುತ್ತ ಹೊಸದಾಗಿ ಶುರುವಾಯಿತು. ಆನೆ ಇರಲಿಲ್ಲ. ಇಡೀ ಆನೆ ಮುಗಿದ ಮೇಲೆ ಒಂದೇ ಸಲ ಫ್ಲಾಪಿಯಲ್ಲಿ ಇಡುವ ಹಾಗೆ ನಾನು ಪ್ರೋಗ್ರಾಮ್ ಬರೆದಿದ್ದೆ. ಅರ್ಧಂಬರ್ಧ ಆನೆಯನ್ನು ಇಡುವುದು ನನ್ನ ಮರ್ಯಾದೆಗೆ ಕಡಿಮೆ ಎನಿಸಿತ್ತು.

"ಏನಾತು?" ಎಂದಳು ಅವ್ವ.

"ಮೊದಲಿಂದ ಶುರು ಆತವ್ವ."

"ಮತ್ತ ಹುಟ್ಟಿ ಬಂತನ್ನು. ಇರಲಿ, ಹಿಡಿ, ಎರಡ ಎಳಿ ಮ್ಯಾಲ. ಮತ್ತ ನೀ ಕಾಲು ಅಳ್ಳಾಡಸೂದು ಬಿಡು. ಮನಿಗೆ ದರಿದ್ರ ಅದು."

ಇದು ನಮ್ಮಿಬ್ಬರ ಹಳೆಯ ಜಗಳ. ಏನಾದರೂ ವಿಚಾರ ಮಾಡುತ್ತ ಕೂತರೆ ನನ್ನ ಬಲಗಾಲು ತಾನಾಗಿ ಕುಣಿಯುತ್ತದೆ. ಶಾಲೆಗೆ ಹೋಗುವ ಮೊದಲಿನಿಂದಲೂ ಅವ್ವ ಅದಕ್ಕೆ ಬೈಯುತ್ತ ಬಂದಿದ್ದಾಳೆ. ಕಣ್ಣು ಹೋದ ಮೇಲೂ ಅವಳಿಗೆ ಅದು ಕೇಳಿಸುತ್ತಿತ್ತು. ಕಾಲು ಅಲ್ಲಾಡಿಸಿದರೆ ದರಿದ್ರ ಬರುವುದಾದರೆ ಹೊಲಿಗೆ ಯಂತ್ರ ತುಳಿಯುವ ದರ್ಜಿಗಳೆಲ್ಲ ಭಿಕ್ಷೆಗೆ ಹೋಗಬೇಕಿತ್ತು ಎಂದು ನಾನು ವೈಜ್ಞಾನಿಕವಾಗಿ ಉತ್ತರ ಕೊಡುತ್ತಿದ್ದೆ. ಅವಳು, "ಶಾಣ್ಯಾ ಅದಿ" ಎನ್ನುತ್ತಿದ್ದಳು.

ಅಂದಿನಿಂದ ಆ ಯಂತ್ರಕ್ಕೆ ಇದೇ ಚಾಳಿಯಾಯಿತು. ಒಂದು ದಿನ ಹತ್ತು ನಿಮಿಷಕ್ಕೆ ಪುನರ್ಜನ್ಮ, ಒಂದು ದಿನ ಗಂಟೆಗೊಮ್ಮೆ. ನಾನು ಒಂದು ವಹಿ ಇಟ್ಟು ಪ್ರತಿಯೊಂದು ಸಲದ ವೇಳೆ, ಸೆಕೆ, ವೋಲ್ಟೇಜು ಬರೆದೆ. ಮೊದಲು ಕರೆಂಟಿನ ಮೇಲೆ ಅನುಮಾನ ಬಂದು ಫ್ರಿಜ್ಜಿನ ಸ್ಟೆಬಿಲೈಸರ್ ಕಿತ್ತು ತಂದೆ. ಮನೆಯವರು ವಾರಗಟ್ಟಲೆ ಹುಳಿ ಮಜ್ಜಿಗೆ ಕುಡಿದರು. ಆಮೇಲೆ ಸೆಕೆ ಎಂದುಕೊಂಡು ಮನೆಯ ಒಂದೇ ಟೇಬಲ್ ಫ್ಯಾನನ್ನು ಅದಕ್ಕೆ ತಿರುಗಿಸಿದೆ. ನಾವು ಬೀಸಣಿಕೆ ಹಿಡಿದೆವು. ಆಮೇಲೆ ಒಂದು ಕೆಂಪಿರುವೆ ಪೆಟ್ಟಿಗೆಯೊಳಗೆ ಹೋದದ್ದನ್ನು ಕಂಡು, ಸಕ್ಕರೆ ಕಪಾಟಿಗೆ ಮಾಡುವ ಹಾಗೆ ಮೇಜಿನ ನಾಲ್ಕು ಕಾಲನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ಇಟ್ಟೆ. ಬಂದವರಿಗೆಲ್ಲ ನಮ್ಮ ಮನೆಯಲ್ಲಿ ಏನೋ ಶಾಂತಿ ನಡೆದಿದೆ ಎನಿಸುತ್ತಿತ್ತು. ಒಳಗೆ ಇರುವ ದೊಡ್ಡ ಹಲಗೆಗೆ ಮದರ್‌ಬೋರ್ಡ್ ಎನ್ನುತ್ತಾರೆ, ಅಂದರೆ ಅವ್ವ ಹಲಗೆ, ಅದೇ ಕೆಟ್ಟಿರಬಹುದು ಎಂದು ಅವ್ವನಿಗೆ ಹೇಳಿದೆ. "ಅವ್ವ ಯಾಕ ಕೆಡತಾಳೋ? ಸರಿಯಾಗಿ ಕುಂದರಸೀಯಿಲ್ಲೋ ನೋಡು" ಎಂದಳು. ನಾನು ನೋಡಲಿಲ್ಲ. ಜೋಡಿಸಿದವನು ನಾನೇ ಆದ್ದರಿಂದ ಜೋಡಣೆಯಲ್ಲಿ ತಪ್ಪಿರಲು ಸಾಧ್ಯವಿರಲಿಲ್ಲ.

ಕೊನೆಗೆ ಇಳಕಲ್ಲಿನಿಂದ ರಾಜಾಸಾಬನನ್ನು ಕರೆಸಿದೆ. ಅವನು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಯಂತ್ರಗಳಿಂದ ಹಿಡಿದು ಟೇಪ್ ರೆಕಾರ್ಡರಿನವರೆಗೆ ಎಲ್ಲ ರಿಪೇರಿ ಮಾಡುವವನು. ಬಂದವನೇ ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು ಕೂತ. ಎರಡು ತಾಸು ಗುಂಡಿ ಒತ್ತಿದ. ಯಂತ್ರ ಕಣ್ಣು ಕೂಡ ಪಿಳುಕಿಸಲಿಲ್ಲ. ಚುರುಮುರಿ, ಮಿರ್ಚಿ ತಿಂದು, ಎರಡು ಸಲ ಚಹಾ ಕುಡಿದು ಎದ್ದ. ಅವನ ಜಾಗದಲ್ಲಿ ನಾನು ಕೂತೆ. ಐದು ನಿಮಿಷದಲ್ಲಿ ಕುಂಯ್ ಎಂದಿತು. ರಾಜಾಸಾಬ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಚಪ್ಪಲಿ ಮೆಟ್ಟಿಕೊಳ್ಳುತ್ತ, "ಮಷೀನಿಗೆ ಏನೂ ಆಗಿಲ್ರಿ ಸರ. ನೀವು ಕುಂತಾಗಷ್ಟ ಆಗತೈತಿ ಅಂದ್ರ ನೀವೇ ಒಮ್ಮೆ ಯಾರಿಗರೆ ತೋರಿಸ್ಕೋರಿ" ಎಂದ. ಅವ್ವ ಮಂಚದ ಮೇಲೆ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕದ್ದು ಅದೇ ಕೊನೆ. ಆಗಲೇ ಅವಳಿಗೆ ನಕ್ಕರೆ ದಮ್ಮು ಹತ್ತುತ್ತಿತ್ತು.

ಆನೆ ಎಷ್ಟು ಸಲ ಸತ್ತಿತೋ ಲೆಕ್ಕವಿಲ್ಲ. ಎರಡು ಸಲವಂತೂ ನಾಲ್ಕನೇ ಕಾಲಿನವರೆಗೆ, ಆ ಎತ್ತಿದ ಕಾಲಿನವರೆಗೆ ಬಂದಿದ್ದೆವು. ಆ ಲೆಕ್ಕವನ್ನು ಅವ್ವ ಹೇಳಿದಳು, ನಾನು ಒತ್ತಿದೆ, ಒತ್ತಿದ ಕೈಗೆ ಅದು ನೆನಪಾಗಿ ನಿಲ್ಲಲಿಲ್ಲ, ನೆನಪಿಡಲು ಯಂತ್ರವಿತ್ತಲ್ಲ. ಎರಡನೆಯ ಸಲ ಅದು ಹೋದಾಗ ನಾನು ಮೇಜಿಗೆ ಗುದ್ದಿದೆ. ಅವ್ವನೇ ಸಮಾಧಾನ ಹೇಳಿದಳು. "ಕಸೂತಿ ಗವಂತಿ ಹೊಲಿಗಿ ಒಳಗ ಸೂಜಿನೂ ಹೊಂಟಲ್ಲಿಗೇ ತಿರುಗಿ ಬರತೈತಿ ತಮ್ಮಾ. ಆದ್ರ ಹೋಗೂ ಮುಂದ ಬಿಟ್ಟ ಜಾಗಾ ಎಲ್ಲಾ ಬರೂ ಮುಂದ ತುಂಬಕೋತ ಬರತೈತಿ. ನಿಂದು ಬರಿಗೈಲೆ ಬರತೈತಿ ನೋಡು, ಅಷ್ಟ ಫರಕು." ಆ ರಾತ್ರಿ ನನ್ನ ಮರ್ಯಾದೆಯನ್ನು ಬದಿಗಿಟ್ಟು, ಒಂದೊಂದು ಗೆರೆಗೂ ಫ್ಲಾಪಿಯಲ್ಲಿ ಇಡುವ ಹಾಗೆ ಪ್ರೋಗ್ರಾಮ್ ಬದಲಿಸಿದೆ. ಬುದ್ಧಿ ಬಂದಿತ್ತು, ಹೊತ್ತು ಹೋಗಿತ್ತು. ಅಷ್ಟರಲ್ಲಿ ಅವ್ವನಿಗೆ ನಾಲ್ಕು ಲೆಕ್ಕ ಹೇಳಿದರೆ ನಾಲ್ಕು ನಿಮಿಷ ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ದಿನಕ್ಕೆ ಇಷ್ಟಿಷ್ಟೇ ಹೇಳಿ ಸೊಂಡಿಲು, ಅಂಬಾರಿ, ಬೆನ್ನು, ಬಾಲ, ಹಿಂದಿನ ಎರಡು ಕಾಲು, ಹೊಟ್ಟೆ, ಮುಂದಿನ ಒಂದು ಕಾಲು ಮುಗಿಸಿದಳು. "ಎತ್ತಿದ ಕಾಲು ನಾಳೆ ಹೇಳತೇನಿ. ಅದಕ್ಕ ಉಸಿರು ಬೇಕು" ಎಂದು ಮಲಗಿದಳು. ಮರುದಿನ ದವಾಖಾನೆಗೆ ಒಯ್ದೆವು. ನಾಲ್ಕನೆಯ ದಿನ ಅಲ್ಲಿಯೇ ಲಿಂಗೈಕ್ಯಳಾದಳು.

ಒಂದು ತಿಂಗಳು ನಾನು ಆ ಮೇಜಿನ ಕಡೆ ಹೋಗಲಿಲ್ಲ. ಶಾಂತಾ ಮಾತ್ರ ಬಟ್ಟಲುಗಳಿಗೆ ನೀರು ಹಾಕುತ್ತಿದ್ದಳು, ರೂಢಿಯಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಧೈರ್ಯ ಮಾಡಿ ಕೂತು ಆನೆಯನ್ನು ತೆರೆದೆ. ಮೂರು ಕಾಲಿನ ಮೇಲೆ ನಿಂತಿತ್ತು. ಅದನ್ನು ನೋಡುತ್ತ ಎಷ್ಟು ಹೊತ್ತು ಕೂತೆನೋ. ಕಿಟಕಿಯ ಬಿಸಿಲು ಮೇಜಿನ ಕಾಲಡಿಯ ಬಟ್ಟಲಿಗೆ ಬಿದ್ದು, ಅದರ ಬೆಳಕು ಅವ್ವನ ಮಂಚದ ಮೇಲಿನ ಗೋಡೆಗೆ ಬಿದ್ದಿತ್ತು. ಆ ಬೆಳಕು ಗಡಗಡ ನಡುಗುತ್ತಿತ್ತು. ಯಾಕೆ ನಡುಗುತ್ತಿದೆ ಎಂದು ಕೆಳಗೆ ನೋಡಿದೆ. ನನ್ನ ಬಲಗಾಲು ಕುಣಿಯುತ್ತಿತ್ತು, ಮೊಣಕಾಲು ಮೇಜಿಗೆ ತಾಗುತ್ತಿತ್ತು. ಕಾಲು ನಿಲ್ಲಿಸಿದೆ. ಗೋಡೆಯ ಬೆಳಕು ನಿಂತಿತು. ಮತ್ತೆ ಕುಣಿಸಿದೆ. ಬೆಳಕು ನಡುಗಿತು, ಪರದೆ ಕಪ್ಪಾಯಿತು, ಕುಂಯ್ ಎಂದಿತು.

ನಾನು ಹದಿನೆಂಟು ವರ್ಷದಿಂದ ಹುಡುಗರಿಗೆ ಕಂಪನದ ಪಾಠ ಹೇಳುತ್ತ ಬಂದವನು. ಸೇತುವೆಯ ಮೇಲೆ ಸೈನಿಕರು ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯಬಾರದು ಎಂದು ಪ್ರತಿ ವರ್ಷ ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದವನು. ಪೆಟ್ಟಿಗೆ ಬಿಚ್ಚಿದೆ. ಅವ್ವ ಹಲಗೆಯ ಒಂದು ಮೂಲೆಗೆ ಸ್ಕ್ರೂ ಇರಲಿಲ್ಲ. ಮೇಜು ನಡುಗಿದಾಗಲೆಲ್ಲ ಆ ಮೂಲೆ ಎದ್ದು ಬಿದ್ದು ಕೆಳಗಿನ ತಗಡಿಗೆ ತಾಗಿ ಶಾರ್ಟ್ ಆಗುತ್ತಿತ್ತು. ಒಳಗೆ ಹೋಗಿ ದೇವರ ಜಗಲಿಯ ಮೇಲಿನ ವಿಭೂತಿ ಡಬ್ಬಿ ತೆಗೆದೆ. ಸ್ಕ್ರೂ ಅಲ್ಲಿಯೇ ಇತ್ತು, ಮೈತುಂಬ ವಿಭೂತಿ ಮೆತ್ತಿಕೊಂಡು. ಒರೆಸಲು ಮನಸ್ಸಾಗಲಿಲ್ಲ, ಹಾಗೆಯೇ ತಿರುಗಿಸಿ ಬಿಗಿದೆ. ಶಾಂತಾ ಮುಂದೆ ನಿಂತು ನೋಡುತ್ತಿದ್ದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು. "ನಾನರೆ ಪಟ್ಟಿ ಒಳಗ ಬರಕೋಬೇಕಾಗಿತ್ತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಯಂತ್ರ ಆಮೇಲೆ ಒಮ್ಮೆಯೂ ಸೋಲಲಿಲ್ಲ. ಅದಕ್ಕೆ ಹೇಳಲು ಮಾತ್ರ ಯಾರ ಹತ್ತಿರವೂ ಏನೂ ಇರಲಿಲ್ಲ. ಶಾಂತಾ ತಾನು ಕೇಳಿದ ನೆನಪಿನ ಮೇಲೆ, "ಮೂರ ಎಳಿ ಮ್ಯಾಲ, ಆಮ್ಯಾಲ ಓರಿ ಅಂದಿದ್ರು ಅನಸತೈತ್ರಿ" ಎಂದು ಒಂದು ತುಂಡು ಬಟ್ಟೆಯ ಮೇಲೆ ನಾಲ್ಕನೆಯ ಕಾಲು ಹಾಕಿ ನೋಡಿದಳು. ದೂರ ಹಿಡಿದು ನೋಡಿ, "ಕುಂಟತೈತಿ" ಎಂದು ತಾನೇ ಬಿಚ್ಚಿದಳು. ಇನ್ನೂ ಮೂರು ಸಲ ಹಾಕಿದಳು, ಮೂರು ಸಲ ಬಿಚ್ಚಿದಳು. ಆಮೇಲೆ ಇಬ್ಬರೂ ಆ ಮಾತು ತೆಗೆಯಲಿಲ್ಲ.

ಈಗ ಇದನ್ನು ಬರೆಯುತ್ತಿರುವುದೂ ಅದೇ ಮೇಜಿನ ಮೇಲೆ. ಕಾಲು ಅಲ್ಲಾಡಿಸಬಾರದೆಂದು ಅಂದೇ ಆಣೆ ಮಾಡಿದ್ದೇನೆ. ಎರಡೂ ಪಾದ ನೆಲಕ್ಕೆ ಊರಿಯೇ ಕೂತಿದ್ದೆ. ಆದರೂ ಈ ಕೊನೆಯ ಸಾಲುಗಳ ಹತ್ತಿರ ಬಂದಾಗ ಚಹಾದ ಕಪ್ಪು-ಬಸಿ ಖಣಖಣ ಎಂದಿತು. ನೋಡಿದರೆ ಬಲಗಾಲು ತನ್ನ ಕೆಲಸ ತಾನು ನಡೆಸಿತ್ತು. ನಾನು ಅದನ್ನು ಕೂಡಲೇ ನಿಲ್ಲಿಸಲಿಲ್ಲ. ಮಂಚದ ಕಡೆಯಿಂದ ಯಾರಾದರೂ ಬೈಯುತ್ತಾರೇನೋ ಎಂದು ಸ್ವಲ್ಪ ಹೊತ್ತು ಅಲ್ಲಾಡಿಸುತ್ತಲೇ ಕೂತೆ.