ಆರು ಪುಟದ ನನ್ನ ಪಾತ್ರ

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಹತ್ತನೇ ಕ್ಲಾಸಿನ ಚರ್ಚೆಗಳು ನಡೆಯುತ್ತಿದ್ದುದೇ ನನ್ನಿಂದ. ಇದು ಜಂಬವಲ್ಲ, ಇಡೀ ಕ್ಲಾಸು ಒಪ್ಪಿದ ಸತ್ಯ. ಯಾಕೆ ಒಪ್ಪಿತ್ತು ಎಂಬುದು ಮಾತ್ರ ನನಗೆ ತಡವಾಗಿ ತಿಳಿಯಿತು!

ನಮ್ಮದು ಚನ್ನಗಿರಿ ತಾಲ್ಲೂಕಿನ ಒಂದು ಹೈಸ್ಕೂಲು. ಸಮಾಜ ಪಾಠದ ಗುರುಶಾಂತಪ್ಪ ಮೇಷ್ಟ್ರು ಪ್ರತಿ ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಚರ್ಚೆ ಇಡುತ್ತಿದ್ದರು. ಚರ್ಚೆ ಮುಗಿದು ಹೊತ್ತು ಉಳಿದರೆ ಪಾಠದ ಮೇಲೆ ಪ್ರಶ್ನೆ. ಉತ್ತರ ಬಾರದವರಿಗೆ ಬೆತ್ತ. ಆದರೆ ಹೊತ್ತು ಉಳಿದದ್ದೇ ಇಲ್ಲ. ನಾನಿದ್ದೆನಲ್ಲ! "ಎತ್ತು ಮೇಲೋ ಟ್ರ್ಯಾಕ್ಟರ್ ಮೇಲೋ" ಎಂದರೆ ಮೊದಲು ಎತ್ತಿನ ಪರ ಮಾತಾಡಿ, ಎದುರಾಳಿ ಸಿಗದಿದ್ದರೆ ಟ್ರ್ಯಾಕ್ಟರಿನ ಪರವೂ ನಾನೇ ಮಾತಾಡುತ್ತಿದ್ದೆ. ದಣಿದು ಕೂರುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬ ಎದ್ದು, "ಅದ್ಹೆಂಗಪ್ಪ ಷಣ್ಮುಖ, ನಂಗೆ ತಿಳೀಲಿಲ್ಲ" ಎನ್ನುತ್ತಿದ್ದ. ಅಷ್ಟೇ ಸಾಕು, ನಾನು ಮತ್ತೆ ಮೊದಲಿನಿಂದ!

ಒಂದು ದಿನ ಮೇಷ್ಟ್ರು, "ಚನ್ನಗಿರಿಯಾಗೆ ಚರ್ಚಾ ಸ್ಪರ್ಧೆ ಐತೆ. ಒಬ್ರನ್ನೇ ಕಳಿಸ್ಬೇಕು. 'ಚರ್ಚೆಯಲ್ಲಿ ನನ್ನ ಪಾತ್ರ' ಅಂತ ಎಲ್ರೂ ಬರ್ಕೊಂಡು ಬರ್ರಿ. ಸುಳ್ಳು ಬರೀಬ್ಯಾಡ್ರಿ" ಎಂದರು.

ಆ ಸ್ಪರ್ಧೆಗೆ ಹೋಗಬೇಕೆಂದು ನನಗೆ ಪ್ರಾಣ ಹೋಗುವಷ್ಟು ಆಸೆ. ಆಯ್ಕೆಯಾಗಿಯೇಬಿಟ್ಟೆ ಎಂದು ಮನೆಯಲ್ಲಿ ಸಾರಿದೆ. ಅಪ್ಪ ಹೊಸ ಅಂಗಿಗೆ ಅಳತೆ ಕೊಡಿಸಿದರು. ಆರು ಪುಟ ಬರೆದೆ. ಅದರಲ್ಲಿ ಒಂದು ಪುಟ ಪೂರ್ತಿ ನನ್ನ ವಿನಯದ ಬಗ್ಗೆ!

ಮುಂದಿನ ಶುಕ್ರವಾರ ಮೇಷ್ಟ್ರು ಎಲ್ಲರ ಹಾಳೆಗಳನ್ನೂ ನನ್ನ ಕೈಗೇ ಕೊಟ್ಟು, "ನಿಂದೇ ಗಟ್ಟಿ ದನಿ, ಓದು" ಎಂದರು. ಮೊದಲನೆಯದು ಕೆರೆಬಿಳಚಿಯ ತಿಪ್ಪೇಶಿಯದು. "ಗದ್ದೆಗೆ ಕಾಲುವೆ ನೀರು ಬಿಡುವ ಹಾಗೆ ನಾವೂ ಪಾಳಿ ಮಾಡಿಕೊಂಡಿದ್ದೇವೆ. ಷಣ್ಮುಖ ಕೂರಲು ಹೋದಾಗ ಪಾಳಿಯವನು ಎದ್ದು ಒಂದು ಪ್ರಶ್ನೆ ಕೇಳಬೇಕು. ನಾನು ಪಾಳಿ ತಪ್ಪಿಸಿಲ್ಲ. ಬೆತ್ತದ ಏಟೂ ತಿಂದಿಲ್ಲ."

ನನ್ನ ಗಟ್ಟಿ ದನಿ ಸಣ್ಣಗಾಯಿತು. ಎರಡನೆಯವನು ಜ್ವರ ಬಂದಿದ್ದರೂ ಪಾಳಿ ಇದೆಯೆಂದು ಶಾಲೆಗೆ ಬಂದಿದ್ದ. ಮೂರನೆಯವನು ತನ್ನ ಪಾಳಿಯನ್ನು ಇನ್ನೊಬ್ಬನಿಗೆ ದಾಟಿಸಲು ಒಂದು ಪೇರಲ ಹಣ್ಣು ಕೊಟ್ಟಿದ್ದ. ಪೇರಲ ಹಣ್ಣು! ಅವಮಾನದಿಂದ ನನಗೆ ಕಣ್ಣು ತುಂಬಿ ಬಂತು.

"ಏನ್ ಸಾರ್ ಇದು?"

"ನಂಗೆ ಗೊತ್ತಿತ್ತು ಕಣಪ್ಪ. ಆ ಹೊತ್ತಿನಾಗೇ ನಾನು ಕಾಪಿ ತಿದ್ದಿ ಮುಗಿಸ್ತಿದ್ದೆ" ಎಂದರು ಮೇಷ್ಟ್ರು.

ಆಯ್ಕೆಯಾದವಳು ವರ್ಷವಿಡೀ ಬಾಯಿ ಬಿಡದ ಗಿರಿಜಾ. ಅವಳು ಬರೆದದ್ದು ಇಷ್ಟೇ: "ಷಣ್ಮುಖ ಹೇಳಿದ್ದರಲ್ಲಿ ಎರಡು ಮಾತು ಚೆನ್ನಾಗಿದ್ದವು. ಬರೆದಿಟ್ಟುಕೊಂಡಿದ್ದೇನೆ."

"ಅನ್ಯಾಯ ಸಾರ್! ನಾನೇನು ಅಷ್ಟೊಂದು ಮಾತಾಡ್ತೀನಾ?" ಎಂದು ಕೂಗಿದೆ. ನಾನು ಮಿತಭಾಷಿ ಎಂದು ಸಾಧಿಸಲು ನನ್ನ ಬಳಿ ಹನ್ನೊಂದು ಕಾರಣಗಳಿದ್ದವು. ಆವೇಶ ಬಂದರೆ ನಾನು ಕಣ್ಣು ಮುಚ್ಚಿ ಮಾತಾಡುವವನು. ಏಳನೆಯ ಕಾರಣ ಮುಗಿಸಿ ಕಣ್ಣು ಬಿಟ್ಟೆ. ಮೇಷ್ಟ್ರಿಲ್ಲ, ಗಿರಿಜಾ ಇಲ್ಲ, ಯಾರೂ ಇಲ್ಲ! ಬೆಲ್ ಯಾವಾಗಲೋ ಹೊಡೆದಿತ್ತು. ಜವಾನ ಹಾಲಪ್ಪ ಮಾತ್ರ ಕಸಬರಿಗೆ ಹಿಡಿದು ಕಾಯುತ್ತಿದ್ದ.

"ನೀ ಮಾತಾಡಪ್ಪ. ಒಂಚೂರು ಆ ಕಡೆ ನಿಂತ್ಕೊಂಡು ಮಾತಾಡು, ಕಸ ಗುಡ್ಸಾಕೆ ಅಡ್ಡ ಆಗ್ತೀಯ" ಎಂದ.

ಸರಿದು ನಿಂತೆ. ಇನ್ನೂ ನಾಲ್ಕು ಕಾರಣಗಳಿದ್ದವಲ್ಲ!